ಶಾಂಪೂ ಪೆಟ್ಟಿಗೆಯ ಮೇಲಿನ ಹೆಂಗಸು

ಹಸನ್ ಕುಂಞಿಯ ಇಕಾಮಾದಲ್ಲಿ, ಅಂದರೆ ಸೌದಿ ಸರಕಾರ ನಮ್ಮಂಥ ಹೊರಗಿನವರಿಗೆ ಕೊಡುವ ವಾಸದ ಕಾರ್ಡಿನಲ್ಲಿ, ಉದ್ಯೋಗ 'ದಹ್ಹಾನ್' ಎಂದಿತ್ತು. ದಹ್ಹಾನ್ ಎಂದರೆ ಪೈಂಟರ್. ಪಾಣೆಮಂಗಳೂರಿನ ಅವನ ಕೇರಿಯವರೂ ಅವನನ್ನು ಜಿದ್ದಾದ ಪೈಂಟರ್ ಎಂದೇ ತಿಳಿದಿದ್ದರು. ನನಗೆ ವಿಷಯ ಗೊತ್ತಾದ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ಪೈಂಟರ್ ಸೌದಿಗೆ ಬಂದ ಮೇಲೆ ಒಂದು ಗೋಡೆಗೂ ಬಣ್ಣ ಬಳಿದವನಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಬಣ್ಣ, ಕಪ್ಪು. ಕೈಯಲ್ಲಿದ್ದದ್ದು ಒಂದೇ ಸಾಮಾನು, ದಪ್ಪ ಮೂತಿಯ ಮಾರ್ಕರ್.

ಕೆಲಸ ಇಷ್ಟೇ. ಹೊರದೇಶಗಳಿಂದ ಹಡಗಿನಲ್ಲಿ ಶಾಂಪೂ, ಸಾಬೂನು, ಪೌಡರು, ಮಕ್ಕಳ ಗಾಳಿ ತುಂಬುವ ಈಜುಕೊಳ ಎಲ್ಲ ಬರುತ್ತಿದ್ದವು. ಆ ಪೆಟ್ಟಿಗೆಗಳ ಮೇಲೆ ಹೆಂಗಸರ ಚಿತ್ರ ಇರುತ್ತಿತ್ತು. ಕೂದಲು, ತೋಳು, ಕಾಲು ಕಂಡರೆ ಕಪ್ಪು ಮಾಡಿಯೇ ಅಂಗಡಿಗೆ ಬಿಡಬೇಕೆಂಬುದು ಆಗಿನ ರೂಢಿ. ಹಸನ್ ಕುಂಞಿ ಕೆಲಸಕ್ಕಿದ್ದ ಗೋದಾಮಿನಲ್ಲಿ ಅದಕ್ಕೆಂದೇ ನಾಲ್ಕು ಜನ ಸಾಲಾಗಿ ಕುಳಿತು ಬೆಳಗಿನಿಂದ ಇಳಿಹೊತ್ತಿನ ಅಸರ್ ನಮಾಜಿನ ತನಕ ಗೀಚುತ್ತಿದ್ದರು.

ನಾನು ಅಬ್ದುಲ್ ಬಾರಿ, ಭಟ್ಕಳದವ. ಜಿದ್ದಾದ ಹಳೆಯ ಪೇಟೆ ಬಲದ್‌ನಲ್ಲಿ ಅತ್ತರು, ಸಾಬೂನು, ದಿಂಬಿನ ಹೊದಿಕೆ ಮಾರುವ ಅಂಗಡಿ ನನ್ನದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಝೈಬುನ್ನಿಸಾ ಹೇಳುತ್ತಾಳೆ, ಅದೇನೂ ಸುಳ್ಳಲ್ಲ. ಒಂದು ದಿನ ಗೋದಾಮಿನಿಂದ ಬಂದ ಸಾಬೂನಿನ ಪೆಟ್ಟಿಗೆಗಳಲ್ಲಿ ಹೆಂಗಸಿನ ಜತೆ ಸಾಬೂನಿನ ಹೆಸರೂ ಅಳಿಸಿಹೋಗಿತ್ತು. ಮಾಲು ಇಳಿಸಲು ವ್ಯಾನಿನಲ್ಲಿ ಬಂದವನಿಗೆ ಉರ್ದುವಿನಲ್ಲಿ ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ, ತನ್ನಷ್ಟಕ್ಕೆ, "ಎಂತ ಬೊಬ್ಬೆ ಮಾರಾಯ ಇದು" ಎಂದ.

ಕನ್ನಡ! ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅವನೇ ಹಸನ್ ಕುಂಞಿ. ನನ್ನ ಮನೆಮಾತು ನವಾಯತಿ, ಅವನದು ಬ್ಯಾರಿ. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ಶಾಲೆಯಲ್ಲಿ ಬೆತ್ತದ ಏಟು ತಿಂದು ಕಲಿತ ಕನ್ನಡವೇ ಕೊನೆಗೆ ಕೆಂಪು ಸಮುದ್ರದ ದಡದಲ್ಲಿ ನಮ್ಮಿಬ್ಬರನ್ನು ಗೆಳೆಯರನ್ನಾಗಿ ಮಾಡಿತು. ಅಂದಿನಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ ಅವನು ಅಂಗಡಿಗೆ ಬರುವುದು, ನಾವಿಬ್ಬರೂ ಕಪ್ಪು ಚಹಾ ಕುಡಿಯುತ್ತ ಊರಿನ ಮಾತಾಡುವುದು ಅಭ್ಯಾಸವಾಯಿತು.

ಸ್ವಲ್ಪ ಕಾಲದಲ್ಲೇ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಉಳಿದ ಮೂವರು ಬಚ್ಚಲು ತಿಕ್ಕುವವರ ಹಾಗೆ ಅಡ್ಡಾದಿಡ್ಡಿ ಗೀಚುತ್ತಿದ್ದರು. ಹಸನ್ ಕುಂಞಿ ಮಾತ್ರ ಗೀಚುತ್ತಿರಲಿಲ್ಲ, ಬರೆಯುತ್ತಿದ್ದ. ಅವನ ಪೆಟ್ಟಿಗೆಯ ಮೇಲಿನ ಬಿಳಿಯ ಹೆಂಗಸಿಗೆ ಒಂದು ತಲೆಬಟ್ಟೆ ಬರುತ್ತಿತ್ತು. ಕಪ್ಪಿನ ನಡುವೆ ಕೂದಲೆಳೆಯಷ್ಟು ಬಿಳಿ ಬಿಟ್ಟು ನೆರಿಗೆ ತೋರಿಸುತ್ತಿದ್ದ. ಬಟ್ಟೆಯ ಒಂದು ತುದಿ ಎದೆಯ ಮೇಲಿಂದ ಹಾದು ಎಡಗಿವಿಯ ಹಿಂದೆ ಸಿಕ್ಕಿಕೊಂಡು, ಪುಟ್ಟ ಬಾಲದ ಹಾಗೆ ಹೊರಗೆ ಇಣುಕುತ್ತಿತ್ತು. ಮುಖ ಮಾತ್ರ ಅಚ್ಚ ಕಪ್ಪು. ಶಾಂಪೂವಿನ ಮೇಲೆ ಅವಳೇ, ಪೌಡರಿನ ಮೇಲೆ ಅವಳೇ, ಈಜುಕೊಳದ ಪೆಟ್ಟಿಗೆಯಲ್ಲಿ ನೀರಾಟ ಆಡುವವಳೂ ಅವಳೇ.

"ಇದ್ಯಾರು ಮಾರಾಯ, ಎಲ್ಲ ಕಡೆ ಒಬ್ಬಳೇ?" ಎಂದು ಕೇಳಿದೆ.

"ಯಾರೂ ಅಲ್ಲ" ಎಂದ. ಹೇಳಲು ಅವನಿಗೆ ಒಂದು ವರ್ಷವೇ ಬೇಕಾಯಿತು.

ಅವಳು ಶಮೀನಾ, ಅವನ ಹೆಂಡತಿ. ಮದುವೆಯಾದ ಮೇಲೆ ಎರಡು ರಜೆಗಳಲ್ಲಿ ಒಟ್ಟು ಕೆಲವು ತಿಂಗಳು ಅವರು ಒಂದೇ ಸೂರಿನ ಕೆಳಗೆ ಇದ್ದದ್ದು. ಅಕ್ಕಿರೊಟ್ಟಿ ತಟ್ಟುವಾಗ ಅವಳ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ತಲೆಬಟ್ಟೆ ಜಾರಬಾರದೆಂದು ಮೊದಲೇ ಅದರ ತುದಿಯನ್ನು ಎಡಗಿವಿಯ ಹಿಂದೆ ಸಿಕ್ಕಿಸಿಕೊಂಡೇ ಅವಳು ಒಲೆಯ ಮುಂದೆ ಕೂರುತ್ತಿದ್ದಳು. ಮಗಳು ಹಿಬಾಗೆ ನಾಲ್ಕು ತುಂಬುವ ಮೊದಲೇ ಶಮೀನಾ ಜ್ವರ ಬಂದು ತೀರಿಹೋದಳು. ಇವನಿಗೆ ಸುದ್ದಿ ಮುಟ್ಟುವಾಗ ಊರಿನಲ್ಲಿ ದಫನವೂ ಆಗಿಹೋಗಿತ್ತು. ಅವಳದೊಂದು ಫೋಟೊ ಕೂಡ ಇರಲಿಲ್ಲ. ಅವರ ಮನೆಯಲ್ಲಿ ಹೆಂಗಸರ ಫೋಟೊ ತೆಗೆಸುವ ಪದ್ಧತಿಯೇ ಇರಲಿಲ್ಲ. ಒಮ್ಮೆ ಇವನು ಕ್ಯಾಮರಾ ತರುತ್ತೇನೆ ಎಂದಾಗ ಇವನ ತಾಯಿ ಮೈಮೂನಮ್ಮ, "ಮನೆಯಲ್ಲೇ ಇರುವವಳಿಗೆ ಫೋಟೊ ಎಂತಕ್ಕೆ?" ಎಂದಿದ್ದರಂತೆ.

"ಮುಖ ಮರ್ತುಹೋಯ್ತು ಬಾರಿ" ಎಂದ ಹಸನ್ ಕುಂಞಿ. "ಎಷ್ಟು ನೆನಪು ಮಾಡಿದ್ರೂ ಬರುದಿಲ್ಲ. ತಲೆಬಟ್ಟೆ ಬರ್ತದೆ, ಕಿವಿ ಬರ್ತದೆ, ಹಿಟ್ಟಿನ ಕೈ ಬರ್ತದೆ. ಮುಖದ ಹತ್ರ ಬರುವಾಗ ಎಲ್ಲ ಕಪ್ಪು. ಸ್ವಂತ ಹೆಂಡತಿಯ ಮುಖ ಮರ್ಯುವ ಮನುಷ್ಯ ಇರ್ತಾನಾ ಹೇಳು?"

ನನಗೆ ಅಳು ಬಂದಿತ್ತು, ಅದನ್ನು ಹೇಳಲು ನಾಚಿಕೆ ಏನಿಲ್ಲ.

ಹೆಂಡತಿ ಹೋದಳು, ಮಗಳಾದರೂ ಇದ್ದಾಳಲ್ಲ ಎಂದರೆ, ಆ ಮಗಳು ಇವನೊಡನೆ ಮಾತೇ ಆಡುತ್ತಿರಲಿಲ್ಲ. ಊರಿಗೆ ಹೋಗುವವರ ಕೈಯಲ್ಲೆಲ್ಲ ಇವನು ಅವಳಿಗೆಂದು ಶಾಂಪೂ, ಪೌಡರು, ಸಾಬೂನು ಕಳಿಸುತ್ತಿದ್ದ. ಪೆಟ್ಟಿಗೆಯ ಮೇಲೆ ತಾನೇ ಬರೆದದ್ದನ್ನು ಆರಿಸಿ ಆರಿಸಿ ಕಳಿಸುತ್ತಿದ್ದ. ಫೋನ್ ಮಾಡಿದರೆ ಆ ಕಡೆಯಿಂದ "ಹೂಂ", "ಸರಿ", "ಇಡ್ತೇನೆ", ಅಷ್ಟೇ. ರಜೆಗೆ ಹೋದರೆ ಅಜ್ಜಿಯ ಬೆನ್ನ ಹಿಂದೆ ಅಡಗುತ್ತಿದ್ದಳು. ದೊಡ್ಡವಳಾದ ಮೇಲೆ ಅಡಗುವುದು ಬಿಟ್ಟಳು, ಆದರೆ ಮಾತಾಡಲು ಶುರು ಮಾಡಲಿಲ್ಲ. 'ಉಮ್ಮ' ಎಂದು ಕರೆಯಲು ತಾಯಿ ಇರಲಿಲ್ಲ, 'ಉಪ್ಪ' ಎಂದು, ಅಂದರೆ ಅಪ್ಪ ಎಂದು, ಒಮ್ಮೆಯೂ ಕರೆದವಳಲ್ಲ. ತಾನು ಏನು ತಪ್ಪು ಮಾಡಿದೆ ಎಂದು ಅವನಿಗೆ ಗೊತ್ತಿರಲಿಲ್ಲ. "ಒಂದು ಸಲ ಉಪ್ಪಾ ಅಂತ ಕರೆದ್ರೆ ಸಾಕು ಬಾರಿ, ಮತ್ತೆ ಎಲ್ಲಿ ಮಣ್ಣಾದ್ರೂ ತೊಂದರೆ ಇಲ್ಲ" ಎನ್ನುತ್ತಿದ್ದ. ನಾನು ಸುಮ್ಮನಿರದೆ, "ಫೋನಿನಲ್ಲಿ ನೀನೇ ಬಾಯಿ ಬಿಡುವುದಿಲ್ಲ, ಅವಳೇನು ನಿನ್ನ ಮೌನಕ್ಕೆ ಜವಾಬು ಕೊಡಬೇಕಾ?" ಎಂದು ರೇಗುತ್ತಿದ್ದೆ.

ಇಷ್ಟರಲ್ಲಿ ಜಿದ್ದಾಕ್ಕೆ ಹೊಸದೊಂದು ಹುಚ್ಚು ಹಿಡಿಯಿತು. ಎರಡು ಸಾವಿರದ ಹನ್ನೆರಡು ಹದಿಮೂರರ ಹೊತ್ತಿರಬೇಕು. ಸೌದಿಯ ಹುಡುಗ ಹುಡುಗಿಯರು ಅಂಗಡಿಗೆ ಬಂದು, "ಬೋಬ್ ಆರ್ಟ್ ದಿಂಬು ಇದೆಯಾ?" ಎಂದು ಕೇಳತೊಡಗಿದರು. ಬೋಬ್ ಎಂಬ ಯಾವನೋ ಇಂಗ್ಲಿಷಿನವನ ಕಂಪೆನಿ ಇರಬೇಕೆಂದು ತಿಳಿದು ನಾನು ದುಬೈಯ ಹೋಲ್‌ಸೇಲಿನವರಿಗೆಲ್ಲ ಫೋನ್ ಮಾಡಿ ಬೋಬ್ ಸಾಹೇಬರ ಮಾಲು ಕಳಿಸಿ ಎಂದು ಪೀಡಿಸಿದೆ. ಅರಬಿಯಲ್ಲಿ 'ಪ' ಅಕ್ಷರ ಇಲ್ಲ, ಅವರು ಹೇಳುತ್ತಿದ್ದದ್ದು ಪಾಪ್ ಆರ್ಟ್ ಎಂದು ನನ್ನ ಮಗಳು ನಿದಾ ನಕ್ಕು ಹೇಳಿದ ಮೇಲೆ ನನ್ನ ಮರ್ಯಾದೆ ಉಳಿಯಿತು. ಮಾಲು ಬಂತು. ಕೂಲಿಂಗ್ ಗ್ಲಾಸ್ ಹಾಕಿದ ಒಂಟೆ, ಗುಲಾಬಿ ಮುಖ ಹಸಿರು ತುಟಿಯ ಹಳೆಯ ಕಾಲದ ಗಾಯಕಿಯರು, ಸಾಲುಸಾಲಾಗಿ ಹಾಲುಪುಡಿಯ ಡಬ್ಬಿ, ಚಹಾದ ಪ್ಯಾಕೇಟು. ಅಡುಗೆಮನೆಯಲ್ಲಿ ಬಿದ್ದಿರುವ ಡಬ್ಬಿಯ ಚಿತ್ರವನ್ನು ದಿಂಬಿನ ಮೇಲೆ ಹಾಕಿದರೆ ಜನ ಮುಗಿಬಿದ್ದು ಒಯ್ಯುತ್ತಾರೆ! ಲೋಕ ಕೆಟ್ಟಿತು ಎಂದುಕೊಂಡು ಮಾರಿದೆ.

ಅತ್ತ ಹಸನ್ ಕುಂಞಿಯ ಕೆಲಸವೂ ಕಡಿಮೆಯಾಗುತ್ತಾ ಬಂತು. ಕಂಪೆನಿಗಳು ಸೌದಿಗೆಂದೇ ಹೆಂಗಸರಿಲ್ಲದ ಪೆಟ್ಟಿಗೆ ಅಚ್ಚು ಹಾಕತೊಡಗಿದವು. ಮಾರ್ಕರಿನವರಲ್ಲಿ ಮೂವರು ಬೇರೆ ಕಡೆ ಹೋದರು. ಇವನು ಗೋದಾಮಿನಲ್ಲೇ ಮಾಲು ಎತ್ತುತ್ತ, ಚಹಾ ಮಾಡುತ್ತ ಉಳಿದ. ಆಗಲೇ ಅವನ ಕಫೀಲನ ಕಿರಿಯ ಮಗಳು ಲುಲ್ವಾ ಗೋದಾಮಿಗೆ ಬಂದದ್ದು. ವೀಸಾ ಕೊಟ್ಟು ಅವನನ್ನು ಕರೆಸಿಕೊಂಡ ಗೋದಾಮಿನ ಯಜಮಾನನೇ ಕಫೀಲ್. ಈ ಹುಡುಗಿ ಲಂಡನ್ನಿನಲ್ಲಿ ಚಿತ್ರಕಲೆ ಓದಿ ಬಂದವಳು. ಮೂಲೆಯಲ್ಲಿ ರಾಶಿ ಬಿದ್ದಿದ್ದ, ಮಾರಾಟವಾಗದ ಹಳೆಯ ಪೆಟ್ಟಿಗೆಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವಳು ಏಳಲೇ ಇಲ್ಲವಂತೆ.

"ಇದನ್ನು ಬರೆದವರು ಯಾರು?" ಎಂದು ಕೇಳಿದಳು.

ಹಸನ್ ಕುಂಞಿ ಹೆದರಿದ. ಅಳಿಸು ಎಂದರೆ ಬರೆಯುತ್ತೀಯಾ ಎಂದು ಹಿಂದೊಮ್ಮೆ ಮ್ಯಾನೇಜರ್ ಬೈದದ್ದು ಅವನಿಗೆ ನೆನಪಿತ್ತು. ಗೊತ್ತಿಲ್ಲ ಎಂದ. ಅವಳು ಬಿಡಲಿಲ್ಲ. ಮೂರು ಸಲ ಬಂದು ಕೇಳಿದ ಮೇಲೆ ನಾನೇ ಎಂದು ಒಪ್ಪಿಕೊಂಡ. ಅದು ಯಾರ ಚಿತ್ರ ಎಂದು ಕೇಳಿದ್ದಕ್ಕೆ ಮಾತ್ರ, ಯಾರೂ ಅಲ್ಲ ಎಂಬ ಹಳೆಯ ಉತ್ತರವನ್ನೇ ಕೊಟ್ಟ.

ಲುಲ್ವಾ ಆ ಪೆಟ್ಟಿಗೆಗಳನ್ನು ಒಯ್ದು, ಚಿತ್ರಗಳನ್ನು ಆಳೆತ್ತರಕ್ಕೆ ದೊಡ್ಡದು ಮಾಡಿ ಬಟ್ಟೆಯ ಮೇಲೆ ಅಚ್ಚು ಹಾಕಿದಳು. ಬಲದ್‌ನಲ್ಲಿ ಹವಳದ ಕಲ್ಲಿನಲ್ಲಿ ಕಟ್ಟಿದ ಹಳೆಯ ಮನೆಗಳಿವೆ. ಅಂಥದೊಂದು ಮನೆಯಲ್ಲಿ, ನನ್ನ ಅಂಗಡಿಯಿಂದ ಎರಡು ಓಣಿ ಆಚೆ, ಪ್ರದರ್ಶನ ಇಟ್ಟಳು. ಎರಡು ಸಾವಿರದ ಹದಿನೇಳರ ಚಳಿಗಾಲ. ಹಸನ್ ಕುಂಞಿ ನನ್ನನ್ನು ಎಳೆದುಕೊಂಡು ಹೋದ. ಒಳಗೆ ಹೋಗಲು ಸಾಲು ನಿಂತಿತ್ತು. ನನಗೆ ರೇಗಿತು. ಸಿಕ್ಕಿದ ಕೂಡಲೇ ಆ ಹುಡುಗಿಗೆ ನನ್ನ ಹರಕುಮುರಕು ಅರಬಿಯಲ್ಲಿ ಹೇಳಿದೆ, "ಶಾಂಪೂ ಪೆಟ್ಟಿಗೆ ನೋಡುವುದಕ್ಕೆ ಸಾಲು ನಿಲ್ಲಬೇಕಾ? ನನ್ನ ಅಂಗಡಿಗೆ ಬಂದಿದ್ದರೆ ಕುಳಿತು ನೋಡಬಹುದಿತ್ತು."

ಅವಳಿಗೆ ಸಿಟ್ಟು ಬರಲಿಲ್ಲ. "ನಾನು ಹುಟ್ಟುವ ಎಷ್ಟೋ ಮೊದಲು ಇಂಗ್ಲೆಂಡ್, ಅಮೆರಿಕದಲ್ಲಿ ಕೆಲವರು ಇದನ್ನೇ ಮಾಡಿದರು ಚಿಕ್ಕಪ್ಪಾ" ಎಂದಳು. "ಚಿತ್ರ ಎಂದರೆ ರಾಜರು, ಕುದುರೆ, ಹಣ್ಣಿನ ತಟ್ಟೆ ಎಂದು ಜನ ತಿಳಿದಿದ್ದರು. ಇವರು ಸೂಪಿನ ಡಬ್ಬಿ, ಸಾಬೂನಿನ ಪೆಟ್ಟಿಗೆ, ಸಿನಿಮಾದವರ ಮುಖ ತಂದು ಗೋಡೆಗೆ ಹಾಕಿದರು. ದಿನಾ ನಮ್ಮ ಕಣ್ಣಿಗೆ ಬೀಳುವುದೇ ನಮ್ಮ ಕಾಲದ ಚಿತ್ರ ಅಂದರು. ಪಾಪ್ ಆರ್ಟ್ ಎಂದರೆ ಅದೇ. ಇದೂ ಒಂದು ಕಲೆಯಾ ಎಂದು ಆಗಲೂ ಜನ ನಿಮ್ಮ ಹಾಗೆಯೇ ಬೈದರು. ನಮ್ಮ ಮನೆಗಳಲ್ಲಿ ಚಿತ್ರಗಳಿರಲಿಲ್ಲ. ಇದ್ದದ್ದು ಈ ಪೆಟ್ಟಿಗೆಗಳು. ಪೆಟ್ಟಿಗೆಯ ಮೇಲೆ ಹೆಂಗಸು ಎಂದರೆ ಒಂದು ಕಪ್ಪು ಆಕಾರ ಎಂದು ತಿಳಿದುಕೊಂಡೇ ನಾನು ದೊಡ್ಡವಳಾದೆ. ಈ ಊರಿನ ಮಕ್ಕಳೆಲ್ಲ ಅದನ್ನು ಕಂಡಿದ್ದಾರೆ, ಯಾರೂ ನೋಡಿಲ್ಲ."

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನ ನಾಲಿಗೆಗೆ ಬಂತು. ಅದನ್ನು ಅರಬಿಯಲ್ಲಿ ಹೇಳಲು ಹೋದೆ, ಅವಳು ನನಗೆ ಔಷಧಿ ಬೇಕೇನೋ ಎಂದು ತಿಳಿದು ಅಂಗಡಿ ತೋರಿಸಲು ಹೊರಟಳು. ಒಳಗೆ ಹೋಗಿ ನೋಡಿದೆ. ಹುಡುಗರು, "ನಮ್ಮ ಮನೆಯ ಈಜುಕೊಳದ ಪೆಟ್ಟಿಗೆ ನೋಡೋ!" ಎಂದು ನಗುತ್ತಾ ಬರುತ್ತಿದ್ದರು, ಹತ್ತಿರ ಬಂದು ನಿಂತು ನೋಡುತ್ತಲೇ ಉಳಿಯುತ್ತಿದ್ದರು. ನಾನು ಎಷ್ಟೋ ವರ್ಷ ಕಪಾಟಿಗೆ ಜೋಡಿಸಿದ ಹೆಂಗಸು ಅವಳು, ಈಗ ನನ್ನಷ್ಟೇ ಎತ್ತರ ನಿಂತಿದ್ದಳು.

ಗೋಡೆಯ ಮೇಲೆ ಹಾಕಲು ಲುಲ್ವಾ ಅವನ ಪೂರ್ತಿ ಹೆಸರು ಕೇಳಿದಳು. ಅವನು ಇಕಾಮಾವನ್ನೇ ತೆಗೆದು ಕೊಟ್ಟ. ಉದ್ಯೋಗ ಓದಿದವಳು, "ದಹ್ಹಾನ್! ಇಲ್ಲೇ ಬರೆದಿದೆಯಲ್ಲ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಗೆಯೇ ಹಾಕಿಸಿದಳು: ಹಸನ್ ಕುಂಞಿ, ದಹ್ಹಾನ್.

ಅದೇ ವಾರ ಹಿಬಾ ಬಂದಳು. ಅವಳಿಗೆ ಮದುವೆಯಾಗಿ ಕೆಲವೇ ತಿಂಗಳಾಗಿತ್ತು, ಗಂಡ ಅಫ್ರೀದ್ ಜತೆ ಉಮ್ರಾ ಯಾತ್ರೆಗೆಂದು ಮಕ್ಕಾಕ್ಕೆ ಬಂದಿದ್ದಳು. ಅಲ್ಲಿಂದ ಒಂದು ದಿನದ ಮಟ್ಟಿಗೆ ಜಿದ್ದಾಕ್ಕೆ, ಅಪ್ಪನನ್ನು ನೋಡಲು. ಹಸನ್ ಕುಂಞಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ಅವರನ್ನು ನನ್ನ ಅಂಗಡಿಗೆ ಕರೆದುಕೊಂಡು ಬಂದ. ಅಫ್ರೀದ್ ಒಳ್ಳೆಯ ಹುಡುಗ, ಮಾತಾಡಿದ. ಹಿಬಾ ಪಿನ್ನು ಚುಚ್ಚಿ ಬಿಗಿಯಾಗಿ ಕಟ್ಟಿದ ಹಿಜಾಬಿನಲ್ಲಿ ನೆಟ್ಟಗೆ ಕುಳಿತು, ಮಾವಿನ ಜ್ಯೂಸಿನ ಲೋಟ ನೋಡುತ್ತ, "ಹೂಂ" ಎಂದಳು, "ಸರಿ" ಎಂದಳು. ಮಗಳು ಎದುರಿಗೇ ಕುಳಿತಿದ್ದಾಳೆ, ಇವನು ಊರಿನ ಮಳೆಯ ವಿಷಯ ಕೇಳುತ್ತಿದ್ದಾನೆ! ನನಗೆ ಸಹಿಸಲಾಗಲಿಲ್ಲ.

"ನಿನ್ನ ಅಪ್ಪ ಇಲ್ಲಿ ಎಷ್ಟು ದೊಡ್ಡ ಮನುಷ್ಯ ಆಗಿದ್ದಾನೆ, ನೋಡಬೇಡ್ವಾ?" ಎಂದೆ. "ಯಲ್ಲಾ, ಏಳಿ ಎಲ್ಲರೂ."

"ಬೇಡ ಬಾರಿ, ಅದೆಲ್ಲ ಎಂತಕ್ಕೆ ಅವಳಿಗೆ" ಎಂದ ಹಸನ್ ಕುಂಞಿ. ನಾನು ಕೇಳುವವನೇ?

ಹಳೆಯ ಮನೆಯ ಮರದ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದೆವು. ಒಂದು ಇಡೀ ಗೋಡೆಯ ತುಂಬ ಅವಳೇ. ಹಳದಿಯ ಮೇಲೆ ಒಬ್ಬಳು, ಗುಲಾಬಿಯ ಮೇಲೆ ಒಬ್ಬಳು, ನೀಲಿಯ ಮೇಲೆ ಒಬ್ಬಳು, ಅದೇ ತಲೆಬಟ್ಟೆ, ಅದೇ ಕಿವಿ. ಹಿಬಾಳ ಮುಖ ಬಿಳಿಚಿಕೊಂಡಿತು. ಅವಳು ಅಪ್ಪನ ಕಡೆ ತಿರುಗಿದಳು.

"ಬ್ಯಾರಿಯಲ್ಲಿ ಕೇಳುದಿಲ್ಲ, ಕನ್ನಡದಲ್ಲೇ ಕೇಳ್ತೇನೆ. ಬಾರಿ ಅಂಕಲ್‌ಗೂ ಗೊತ್ತಾಗ್ಲಿ" ಎಂದಳು. "ಇವಳು ಯಾರು?"

ಹಸನ್ ಕುಂಞಿ ಕಣ್ಣು ಕಣ್ಣು ಬಿಟ್ಟ.

"ನಾನು ಸಣ್ಣದಿರುವಾಗ ನೀವು ಕಳಿಸಿದ ಎಲ್ಲ ಪೆಟ್ಟಿಗೆಯಲ್ಲೂ ಇವಳೇ. ಶಾಂಪೂವಿನಲ್ಲಿ ಇವಳು, ಪೌಡರಿನಲ್ಲಿ ಇವಳು. ನಮ್ಮೂರ ಅಂಗಡಿಯ ಶಾಂಪೂವಿನಲ್ಲಿ ಇವಳಿಲ್ಲ, ನೀವು ಕಳಿಸಿದ್ದರಲ್ಲಿ ಮಾತ್ರ. ಹಸನ್‌ನಿಗೆ ಅಲ್ಲೊಂದು ಸಂಸಾರ ಉಂಟು, ಅದಕ್ಕೇ ಇಲ್ಲಿ ಇನ್ನೊಂದು ಮದುವೆ ಆಗ್ಲಿಲ್ಲ ಅಂತ ಕೇರಿಯಲ್ಲೆಲ್ಲ ಮಾತು. ನಂಗೆ ಆಗ್ಲೇ ಗೊತ್ತಾಯ್ತು, ಆ ಹೆಂಗಸು ಇವಳೇ ಅಂತ. ದೊಡ್ಡ ಆದ ಮೇಲೆ ಇದು ನಿಮ್ಮ ಕೈಯದ್ದೇ ಅಂತ ಗೊತ್ತಾಗಿ ಇನ್ನೂ ಸಿಟ್ಟು ಬಂತು. ತಾಯಿ ಇಲ್ಲದ ಮಗುವಿಗೆ ಯಾರಾದ್ರೂ ಇನ್ನೊಬ್ಬಳ ಚಿತ್ರ ಬರ್ದು ಕಳಿಸ್ತಾರಾ? ಒಂದನ್ನೂ ಉಳಿಸ್ಲಿಲ್ಲ ನಾನು. ಎಲ್ಲ ಬಚ್ಚಲ ಒಲೆಗೆ ಹಾಕಿದೆ."

ಅಯ್ಯೋ ದೇವರೇ! ಅಫ್ರೀದ್ ಗಾಬರಿಯಾಗಿ ಹೆಂಡತಿಯ ಮುಖ ನೋಡಿದ. ಹಸನ್ ಕುಂಞಿಯ ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಈ ಮನುಷ್ಯ ಇಲ್ಲೂ ಯಾರೂ ಅಲ್ಲ ಎಂದುಬಿಟ್ಟರೆ ಏನು ಗತಿ ಎಂದು ನನಗೆ ದಿಗಿಲಾಯಿತು. ಅವನ ಭುಜ ಹಿಡಿದು ಅಲುಗಿಸಿದೆ.

"ನಾಲಿಗೆ ಬಿದ್ದುಹೋಗಿದೆಯಾ? ಹೇಳು ಮಾರಾಯ!"

"ಅದು ನಿನ್ನ ಉಮ್ಮ" ಎಂದ ಹಸನ್ ಕುಂಞಿ.

ಹಿಬಾ ಅವನನ್ನೇ ನೋಡಿದಳು.

"ರೊಟ್ಟಿ ತಟ್ಟುವಾಗ ಹೀಗೆ ಸಿಕ್ಕಿಸ್ತಿದ್ದಳು" ಎಂದು ಅವನು ತನ್ನ ಕಿವಿ ಮುಟ್ಟಿ ತೋರಿಸಿದ. "ನಿಂಗೆ ಅವಳ ನೆನಪಿರುದಿಲ್ಲ ಅಂತ... ಫೋಟೊ ಇಲ್ಲ ಅಲ್ವಾ ಮಗಳೇ. ನೋಡ್ತಾ ಇರ್ಲಿ ಅಂತ ಕಳಿಸ್ತಿದ್ದೆ."

"ಹೇಳ್ಬೇಕಿತ್ತು."

"ಹೇಳಿದ್ರೆ ಮುಖ ಎಲ್ಲಿ ಅಂತ ಕೇಳ್ತಿದ್ದಿ. ಮುಖ ನಂಗೂ ಮರ್ತುಹೋಗಿದೆ. ನೆನಪಿದ್ದಷ್ಟೇ ಬರ್ದದ್ದು."

ಹಿಬಾಳಿಗೆ ಅಳು ಒತ್ತರಿಸಿ ಬಂತು. "ಎಲ್ಲ ಸುಟ್ಟೆನಲ್ಲ ಉಪ್ಪಾ" ಎಂದಳು. ಆ ಮಾತನ್ನೇ ಮತ್ತೆ ಮತ್ತೆ ಹೇಳಿದಳು. ಅವನು ಜನ್ಮವಿಡೀ ಕಾದಿದ್ದ ಕರೆ ಅದು. ಬಂದದ್ದು ಹೀಗೆ ಬಂತು. ಅವನಿಗೆ ಅದು ಕಿವಿಗೆ ಬಿತ್ತೋ ಇಲ್ಲವೋ, ಮಗಳ ತಲೆಯ ಮೇಲೆ ಕೈ ಇಡಲು ಹೋಗಿ ಅರ್ಧದಲ್ಲೇ ನಿಲ್ಲಿಸಿದ. ಮುಟ್ಟಿ ಅಭ್ಯಾಸ ಇರಲಿಲ್ಲ ಪಾಪ.

ಅವಳು ಕಣ್ಣೊರೆಸಿಕೊಂಡು ಗೋಡೆಯ ಹತ್ತಿರ ಹೋದಳು. ಹಳದಿಯ ಮೇಲಿನ ಉಮ್ಮನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ತಿರುಗಿ, "ಎಡಗಿವಿಯಾ?" ಎಂದು ಕೇಳಿದಳು.

"ಹೌದು, ಎಡ."

ಅವಳು ಹಿಜಾಬಿನ ಒಂದು ಪಿನ್ನು ತೆಗೆದಳು. ಇಳಿಬಿದ್ದ ತುದಿಯನ್ನು ಎದೆಯ ಮೇಲಿಂದ ತಂದು ಎಡಗಿವಿಯ ಹಿಂದೆ ಸಿಕ್ಕಿಸಿದಳು. ತುದಿ ಪುಟ್ಟ ಬಾಲದ ಹಾಗೆ ಹೊರಗೆ ನಿಂತಿತು. ಅತ್ತು ಕೆಂಪಾದ ಮುಖ ಎತ್ತಿ, "ಹೀಗಾ?" ಎಂದಳು.

ಹಸನ್ ಕುಂಞಿ ಒಂದು ಹೆಜ್ಜೆ ಹಿಂದೆ ಸರಿದ. ಅವನ ಕೈ ನನ್ನ ತೋಳು ಹುಡುಕಿ ಗಟ್ಟಿಯಾಗಿ ಹಿಡಿಯಿತು. ಅವನು ಮಗಳನ್ನು ನೋಡುತ್ತಿದ್ದ ರೀತಿ ಕಂಡು ನನಗೆ ಅರ್ಥವಾಗಿಹೋಯಿತು. ಇಷ್ಟು ವರ್ಷ ಕಪ್ಪು ತುಂಬಿದ ಜಾಗದಲ್ಲಿ ಈಗ ಕಣ್ಣಿತ್ತು, ಮೂಗಿತ್ತು, ಬಾಯಿ ಇತ್ತು.

"ಇದೇ ಬಾರಿ" ಎಂದ. "ಇದೇ ಮುಖ."

"ಎಂತ ಉಪ್ಪಾ?" ಎಂದಳು ಹಿಬಾ. ಕೈ ಕಿವಿಯ ಕಡೆಗೆ ಹೋಯಿತು.

"ತೆಗೀಬೇಡ. ಹಾಗೇ ನಿಲ್ಲು."

ಆಮೇಲೆ ಅವನು ಅಳಿಯನ ಕಡೆ ತಿರುಗಿದ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಅಫ್ರೀದ್, ಒಂದು ಫೋಟೊ ತೆಗೆಯಪ್ಪ" ಎಂದ. "ಮುಖ ಸರಿಯಾಗಿ ಬರ್ಬೇಕು."